ಜೋಳದ ಒಗಟು, ಮುಪ್ಪಿನ ಕಿಣ್ವ

ಹರಪನಹಳ್ಳಿಯವರು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದರು. 1997ರಲ್ಲಿ ದಾವಣಗೆರೆಗೆ ಸೇರಿದರು, ಮತ್ತೆ ಬಳ್ಳಾರಿಗೆ ಮರಳಿದರು. ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಯವರ ಜೊತೆ ವಿಜಯನಗರ ಜಿಲ್ಲೆಯವರಾಗಿದ್ದಾರೆ. ಜಿಲ್ಲೆ ಬದಲಾದಷ್ಟು ಸಲೀಸಾಗಿ ಊಟ ಬದಲಾಗಲಿಲ್ಲ. ಹೊಟ್ಟೆ ತುಂಬಬೇಕಾದರೆ ಜೋಳವೇ ಆಗಬೇಕು ಎನ್ನುವವರು ಈ ಐದೂ ತಾಲ್ಲೂಕುಗಳಲ್ಲಿ ಇಂದಿಗೂ ಸಾಕಷ್ಟಿದ್ದಾರೆ. ಬಿಸಿ ರೊಟ್ಟಿ, ಕಟಕ ರೊಟ್ಟಿ, ಸಂಗಟಿ, ನುಚ್ಚು, ಅಂಬಲಿ, ಹೀಗೆ ಒಂದೇ ಕಾಳು ಹಲವು ರೂಪದಲ್ಲಿ ತಟ್ಟೆಗೆ ಬರುತ್ತದೆ. ಮಳೆ ಕಡಿಮೆ ಬೀಳುವ ಈ ಎರೆ, ಮಸಾರಿ ಹೊಲಗಳಲ್ಲಿ ಬರಗಾಲದಲ್ಲೂ ಕೈಬಿಡದ ಬೆಳೆ ಅದು.

ಈ ಜೋಳದ ಮೇಲೆಯೇ 1960ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಆರೋಪ ಅಚ್ಚಾಯಿತು, ಅದು ಕಾಯಿಲೆ ತರುತ್ತದೆ ಎಂದು. ಆರೋಪ ಮಾಡಿದವರು ಜೋಳದ ಸೀಮೆಯ ಮಗ್ಗುಲಲ್ಲೇ, ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ. ಅವರ ತನಿಖೆ ಕೊನೆಗೆ ದೇಹದೊಳಗಿನ ಒಂದು ಚಿಕ್ಕ ಅಣುವಿಗೆ ಬಂದು ನಿಂತಿತು. ನಲವತ್ತು ವರ್ಷದ ನಂತರ, ಬೇರೆ ದೇಶದಲ್ಲಿ, ಬೇರೆಯದೇ ಪ್ರಶ್ನೆ ಹಿಡಿದು ಹೊರಟವರೂ ಅದೇ ಅಣುವನ್ನು ಮುಟ್ಟಿದರು. ಅವರ ಪ್ರಶ್ನೆ ಮುಪ್ಪಿನದು. ಅವರಿಗೆ ಸಿಕ್ಕ ಕಿಣ್ವಗಳಿಗೆ ಸರ್ಟುಯಿನ್ ಎಂದು ಹೆಸರು. ಸರ್ಟುಯಿನ್‌ಗಳ ಕತೆ ಹೇಳುವವರು ಸಾಮಾನ್ಯವಾಗಿ ಅಮೆರಿಕದ ಪ್ರಯೋಗಶಾಲೆಯಿಂದ ಶುರುಮಾಡುತ್ತಾರೆ. ಜೋಳ ಉಂಡು ಬೆಳೆದ ನಾಡಿನಲ್ಲಿ ಅದನ್ನು ಜೋಳದಿಂದಲೇ ಶುರುಮಾಡುವುದು ನ್ಯಾಯ ಎಂದು ನನಗೆ ಅನ್ನಿಸುತ್ತದೆ. ಶ್ರೀಮಂತರ ದೀರ್ಘಾಯುಷ್ಯದ ಮಾತ್ರೆ ಎಂದು ಇವತ್ತು ಮಾರಾಟವಾಗುವ ವಸ್ತುವಿನ ಬೇರು ಕೂಲಿಕಾರರ ಹಸಿವಿನ ಅಧ್ಯಯನದಲ್ಲಿದೆ.

ಆ ಕಾಯಿಲೆಯ ಹೆಸರು ಪೆಲ್ಲಾಗ್ರ. ದಖನ್ನಿನಲ್ಲಿ ಅದು ಬರುತ್ತಿದ್ದುದು ಹೊಲಗೂಲಿಯಿಂದ ಬದುಕುವವರಿಗೆ, ವರ್ಷದ ಬಹುಪಾಲು ಜೋಳ ಬಿಟ್ಟರೆ ಬೇರೇನೂ ಸಿಗದವರಿಗೆ. ಮೊದಲು ಬಿಸಿಲು ಬೀಳುವ ಕಡೆ ಚರ್ಮ ಕೆಂಪಗಾಗಿ ಉರಿಯುತ್ತದೆ. ಮುಂಗೈ, ಪಾದದ ಮೇಲ್ಭಾಗ, ಕುತ್ತಿಗೆ. ಆಮೇಲೆ ಕಪ್ಪಾಗಿ, ದಪ್ಪವಾಗಿ, ಬಿರಿದು ಸಿಪ್ಪೆಯೇಳುತ್ತದೆ. ಎಡಗೈಯಲ್ಲಿ ಎಷ್ಟೋ ಬಲಗೈಯಲ್ಲೂ ಅಷ್ಟೇ. ಕುಪ್ಪಸದ ತೋಳು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಗೆರೆ ಎಳೆದಂತೆ ರೋಗವೂ ನಿಲ್ಲುತ್ತದೆ. ಕುತ್ತಿಗೆಯ ಸುತ್ತ ಅಡ್ಡಿಕೆ ಹಾಕಿದಂತೆ ಕಪ್ಪು ಪಟ್ಟಿ ಮೂಡುತ್ತದೆ. ನಾಲಗೆ ಕೆಂಪೇರಿ, ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಭೇದಿ ಹಿಡಿಯುತ್ತದೆ. ನಿದ್ದೆ ಹೋಗುತ್ತದೆ, ಮಂಕು ಕವಿಯುತ್ತದೆ. ಮನೆಯವರನ್ನೇ ಗುರುತಿಸದ ಸ್ಥಿತಿಗೂ ರೋಗಿ ತಲುಪಬಹುದು. ಆರೈಕೆ ಸಿಗದಿದ್ದರೆ ಸಾವು.

ಯುರೋಪಿಗೆ ಇದು ಹಳೆಯ ಪರಿಚಯ. ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ 1735ರಲ್ಲೇ ಮೆಕ್ಕೆಜೋಳ ತಿಂದು ಬದುಕುವ ಬಡ ರೈತರಲ್ಲಿ ಇದನ್ನು ಗುರುತಿಸಿದ್ದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದು ಸಾವಿರಾರು ಜನರನ್ನು ಕೊಂದಿತು. ಸೋಂಕುರೋಗವೆಂದೇ ಅಲ್ಲಿ ಬಹಳ ಮಂದಿ ನಂಬಿದ್ದರು. 1914ರಲ್ಲಿ ಸರ್ಕಾರ ಕಳುಹಿಸಿದ ಜೋಸೆಫ್ ಗೋಲ್ಡ್‌ಬರ್ಗರ್ ಅನಾಥಾಲಯಗಳಲ್ಲಿ, ಹುಚ್ಚಾಸ್ಪತ್ರೆಗಳಲ್ಲಿ ಕಣ್ಣಿಟ್ಟು ನೋಡಿದರು. ಒಳಗಿರುವವರಿಗೆ ರೋಗ ಬರುತ್ತದೆ, ಅವರನ್ನು ನೋಡಿಕೊಳ್ಳುವ ನೌಕರರಿಗೆ ಬರುವುದಿಲ್ಲ. ಸೋಂಕಾದರೆ ಈ ಭೇದವೇಕೆ? ವ್ಯತ್ಯಾಸ ಇದ್ದದ್ದು ಊಟದಲ್ಲಿ. 1915ರಲ್ಲಿ ಮಿಸಿಸಿಪ್ಪಿಯ ಸೆರೆಮನೆಯೊಂದರ ಜಮೀನಿನಲ್ಲಿ, ಬಿಡುಗಡೆಯ ಭರವಸೆ ಪಡೆದು ಒಪ್ಪಿಕೊಂಡ 11 ಕೈದಿಗಳಿಗೆ ಬಡವರ ಮೆಕ್ಕೆಜೋಳದ ಊಟವನ್ನೇ ತಿಂಗಳುಗಟ್ಟಲೆ ಕೊಟ್ಟಾಗ 6 ಜನರಲ್ಲಿ ಪೆಲ್ಲಾಗ್ರ ಕಾಣಿಸಿಕೊಂಡಿತು. ಆದರೂ ನಂಬದವರನ್ನು ನಂಬಿಸಲು ಮರುವರ್ಷ ಗೋಲ್ಡ್‌ಬರ್ಗರ್, ಅವರ ಹೆಂಡತಿ, ಸಂಗಡಿಗರು ರೋಗಿಗಳ ರಕ್ತವನ್ನು, ಚರ್ಮದ ಹೊಪ್ಪಳೆಯನ್ನು, ಮಲವನ್ನು ಕೂಡ ತಮ್ಮ ಮೈಗೆ ಸೇರಿಸಿಕೊಂಡರು. ಯಾರಿಗೂ ರೋಗ ಬರಲಿಲ್ಲ. ಊಟದಲ್ಲಿ ಕಾಣೆಯಾಗಿದ್ದ ಆ ವಸ್ತುವನ್ನು ಕಾಣುವ ಮೊದಲೇ, 1929ರಲ್ಲಿ ಅವರು ತೀರಿಕೊಂಡರು. 1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಜೆಮ್, ನಾಯಿಗಳಲ್ಲಿ ಪೆಲ್ಲಾಗ್ರಕ್ಕೆ ಸಮನಾದ ‘ಕರಿನಾಲಗೆ’ ರೋಗವನ್ನು ನಿಕೋಟಿನಿಕ್ ಆಮ್ಲ ವಾಸಿಮಾಡುತ್ತದೆ ಎಂದು ತೋರಿಸಿದರು. ಅದನ್ನೇ ನಾವು ನಯಾಸಿನ್ ಎನ್ನುತ್ತೇವೆ, ಬಿ ಗುಂಪಿನ ಒಂದು ಜೀವಸತ್ವ.

ಮೆಕ್ಕೆಜೋಳದ ಲೆಕ್ಕ ಹೀಗೆ ಚುಕ್ತಾ ಆಯಿತು. ಅದರಲ್ಲಿರುವ ನಯಾಸಿನ್ ಬಹುಪಾಲು ಬಿಗಿದುಕೊಂಡ ರೂಪದಲ್ಲಿದ್ದು ಕರುಳಿಗೆ ಸುಲಭವಾಗಿ ದಕ್ಕುವುದಿಲ್ಲ. ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ದೇಹ ಸ್ವಂತವಾಗಿ ನಯಾಸಿನ್ ತಯಾರಿಸಿಕೊಳ್ಳಬಲ್ಲದು, ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್‌ಗೆ 1 ಮಿಲಿಗ್ರಾಂ ಲೆಕ್ಕದಲ್ಲಿ. ಮೆಕ್ಕೆಜೋಳದಲ್ಲಿ ಅದೂ ಕಡಿಮೆ. ಎರಡೂ ಬಾಗಿಲು ಮುಚ್ಚಿದ ಮೇಲೆ ರೋಗ ಬರುವುದು ಸಹಜ.

ಬಿಳಿಜೋಳಕ್ಕೆ ಈ ಲೆಕ್ಕ ಹೊಂದಲಿಲ್ಲ. ಗೋಪಾಲನ್ ಅವರ ಸಂಸ್ಥೆ 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಹುಟ್ಟಿ, 1958ರಲ್ಲಿ ಹೈದರಾಬಾದಿಗೆ ಬಂದಿತ್ತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಅಲ್ಲಿ ಜೋಳವನ್ನು ಅಳೆದು ನೋಡಿದರೆ ಟ್ರಿಪ್ಟೊಫ್ಯಾನ್ ಅಷ್ಟೇನೂ ಕಡಿಮೆ ಇರಲಿಲ್ಲ. ನಯಾಸಿನ್ ಕೂಡ ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದಕ್ಕಿಂತ ಹೆಚ್ಚೇ ಇತ್ತು. ಅನ್ನ ಉಣ್ಣುವ ಬಡವರಿಗೆ ಬಾರದ ಪೆಲ್ಲಾಗ್ರ ಜೋಳ ಉಣ್ಣುವ ಬಡವರಿಗೆ ಯಾಕೆ ಬರಬೇಕು? ಇದು ನನ್ನ ಮಟ್ಟಿಗೆ ಭಾರತದ ಆಹಾರ ವಿಜ್ಞಾನದ ಅತ್ಯಂತ ಸೊಗಸಾದ ಪ್ರಶ್ನೆಗಳಲ್ಲಿ ಒಂದು. ಪಾಶ್ಚಾತ್ಯ ಪಠ್ಯಪುಸ್ತಕದ ಉತ್ತರವನ್ನು ಹಾಗೇ ಒಪ್ಪಿಕೊಂಡಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ಇಲ್ಲದ್ದನ್ನು ಹುಡುಕುವ ಬದಲು ಅವರು ಅತಿಯಾಗಿರುವುದನ್ನು ಹುಡುಕಿದರು. ಜೋಳಕ್ಕೂ ಮೆಕ್ಕೆಜೋಳಕ್ಕೂ ಸಾಮಾನ್ಯವಾದ ಒಂದು ಗುಣ ಕಂಡಿತು. ಎರಡರ ಪ್ರೋಟೀನಿನಲ್ಲೂ ಲ್ಯೂಸಿನ್ ಎಂಬ ಅಮೈನೋ ಆಮ್ಲ ವಿಪರೀತ. ಲ್ಯೂಸಿನ್ ಕೊಟ್ಟಾಗ ಮೂತ್ರದಲ್ಲಿ ಹೋಗುವ ನಯಾಸಿನ್ ಅಂಶಗಳ ಪ್ರಮಾಣ ಬದಲಾಯಿತು. ಟ್ರಿಪ್ಟೊಫ್ಯಾನ್‌ನಿಂದ ನಯಾಸಿನ್‌ಗೆ ಹೋಗುವ ದಾರಿಯಲ್ಲಿ ಲ್ಯೂಸಿನ್ ಅಡ್ಡ ನಿಲ್ಲುತ್ತದೆ ಎಂಬುದು ಅವರ ವಾದ. 1963ರಲ್ಲಿ ಭವಾನಿ ಬೆಳವಾಡಿ, ಶ್ರೀಕಂಠಯ್ಯ, ಗೋಪಾಲನ್ ಮೂವರೂ ಸೇರಿ ಆ ದಾರಿಯನ್ನು ಇನ್ನಷ್ಟು ಬಿಡಿಸಿ ನೋಡಿದರು. 1965ರಲ್ಲಿ ಬೆಳವಾಡಿ ಮತ್ತು ಗೋಪಾಲನ್ ನಾಯಿಗಳಿಗೆ ಜೋಳದ ಊಟ ಹಾಕಿ ಕರಿನಾಲಗೆ ಬರಿಸಿದರು. 1971ರಲ್ಲಿ ಕಮಲಾ ಕೃಷ್ಣಸ್ವಾಮಿ ಮತ್ತು ಗೋಪಾಲನ್, ಲ್ಯೂಸಿನ್‌ನ ದಾಯಾದಿಯಂಥ ಐಸೊಲ್ಯೂಸಿನ್ ಕೊಟ್ಟರೆ ರೋಗಿಗಳ ಚರ್ಮವೂ ಮಿದುಳಿನ ವಿದ್ಯುತ್ ಅಲೆಗಳೂ ಸುಧಾರಿಸುವುದನ್ನು ವರದಿ ಮಾಡಿದರು. ಇವುಗಳ ನಡುವೆ 1968ರ ಒಂದು ಕೆಲಸವನ್ನು ನಾನು ವಿಶೇಷವಾಗಿ ಎತ್ತಿ ಹೇಳಬೇಕು. ಪೆಲ್ಲಾಗ್ರ ರೋಗಿಗಳ ಕೆಂಪು ರಕ್ತಕಣಗಳಲ್ಲಿ ನಯಾಸಿನ್‌ನಿಂದ ತಯಾರಾಗುವ ನ್ಯೂಕ್ಲಿಯೊಟೈಡ್‌ಗಳನ್ನು ಶ್ರೀಕಂಠಯ್ಯನವರ ತಂಡ ಅಳೆಯಿತು. ಆ ಗುಂಪಿನ ಮುಖ್ಯ ಅಣು ಎನ್.ಎ.ಡಿ. ಮುಪ್ಪಿನ ಸಂಶೋಧಕರು ಇಂದು ಜನರ ರಕ್ತದಲ್ಲಿ ಅಳೆಯಲು ಮುಗಿಬೀಳುತ್ತಿರುವುದು ಇದನ್ನೇ.

ಲ್ಯೂಸಿನ್ ವಾದವನ್ನು ಎಲ್ಲರೂ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಹೊರದೇಶದ ಕೆಲವು ಪ್ರಯೋಗಶಾಲೆಗಳಲ್ಲಿ ಇಲಿ, ಕೋಳಿಮರಿ, ನಾಯಿಗಳ ಮೇಲೆ ಆ ಪರಿಣಾಮ ಕಾಣಲಿಲ್ಲ. ಬಿ-6 ಜೀವಸತ್ವದ ಕೊರತೆಯೂ ಇದರಲ್ಲಿ ಸೇರಿಕೊಂಡಿದೆ ಎಂದು ಹೈದರಾಬಾದಿನವರೇ ಮುಂದೆ ತೋರಿಸಿದರು. ಟ್ರಿಪ್ಟೊಫ್ಯಾನ್‌ನಿಂದ ನಯಾಸಿನ್ ಆಗುವ ಹಾದಿಯಲ್ಲಿ ಬಿ-6 ಇಲ್ಲದೆ ಕೆಲಸ ನಡೆಯುವುದಿಲ್ಲ. ಒಂದೇ ಕಾಳನ್ನು ನೆಚ್ಚಿಕೊಂಡ ಬಡವನ ತಟ್ಟೆಯಲ್ಲಿ ಕೊರತೆಗಳು ಒಂಟಿಯಾಗಿ ಬರುವುದಿಲ್ಲವಲ್ಲ. ವಾದ ಪೂರ್ತಿ ಗೆಲ್ಲದಿದ್ದರೂ, ಒಂದು ಪೋಷಕಾಂಶದ ಅತಿ ಇನ್ನೊಂದರ ಕೊರತೆಯಾಗಿ ಕಾಡಬಹುದು ಎಂಬ ಯೋಚನೆ ಉಳಿಯಿತು.

ಹಾಗಾದರೆ ಕೂಡ್ಲಿಗಿ, ಕೊಟ್ಟೂರಿನಲ್ಲಿ ಜೋಳ ಉಂಡವರೆಲ್ಲ ರೋಗಿಗಳಾಗಬೇಕಿತ್ತಲ್ಲ ಎಂದು ಕೇಳಬಹುದು. ಜೋಳ ತಪ್ಪಿತಸ್ಥನಲ್ಲ, ಜೋಳ ಮಾತ್ರ ಎನ್ನುವುದು ತಪ್ಪು. ಮಸಾರಿ ಹೊಲದ ಶೇಂಗಾವನ್ನೇ ತೆಗೆದುಕೊಳ್ಳಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಹೆಚ್ಚುಕಡಿಮೆ 15 ಮಿಲಿಗ್ರಾಂ. ರೊಟ್ಟಿಯ ಮೇಲೆ ಹಾಕಿಕೊಳ್ಳುವ ಒಣ ಶೇಂಗಾ ಚಟ್ನಿ, ಮಡಕಿಕಾಳು, ಹೆಸರುಕಾಳಿನ ಪಲ್ಯ, ಒಂದು ಲೋಟ ಮಜ್ಜಿಗೆ ಇಷ್ಟಿದ್ದರೆ ನಯಾಸಿನ್ನೂ ಟ್ರಿಪ್ಟೊಫ್ಯಾನ್ನೂ ಒಳಗೆ ಹೋಗುತ್ತಿರುತ್ತವೆ. ರೋಗ ಹಿಡಿದದ್ದು ರೊಟ್ಟಿಗೆ ನಂಚಿಕೊಳ್ಳಲು ಉಪ್ಪು ಮೆಣಸಿನಕಾಯಿ ಬಿಟ್ಟು ಬೇರೆ ಗತಿಯಿಲ್ಲದವರನ್ನು.

ಈಗ ಆ ಅಣುವಿನ ವಿಷಯ. ಎನ್.ಎ.ಡಿ. ಇರುವ ಸುಳಿವು 1906ರಲ್ಲೇ ಸಿಕ್ಕಿತ್ತು. ಯೀಸ್ಟ್ ಸಕ್ಕರೆಯನ್ನು ಹುಳಿಸುವಾಗ, ಕುದಿಸಿದರೂ ಕೆಡದ ಯಾವುದೋ ಚಿಕ್ಕ ವಸ್ತು ನೆರವಾಗುತ್ತದೆ ಎಂದು ಇಂಗ್ಲೆಂಡಿನ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಕಂಡುಕೊಂಡಿದ್ದರು. 1930ರ ದಶಕದಲ್ಲಿ ಜರ್ಮನಿಯ ಒಟ್ಟೊ ವಾರ್ಬರ್ಗ್ ಆ ಬಗೆಯ ಅಣುಗಳಲ್ಲಿ ನಿಕೋಟಿನಮೈಡ್ ಇರುವುದನ್ನೂ, ಕೆಲಸ ನಡೆಯುವುದು ಆ ಭಾಗದಲ್ಲೇ ಎಂಬುದನ್ನೂ ತೋರಿಸಿದರು. ಆಹಾರ ಉರಿದು ಶಕ್ತಿಯಾಗುವಾಗ ಅದು ಎಲೆಕ್ಟ್ರಾನ್‌ಗಳನ್ನು ಹೊತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ, ಇಳಿಸಿ ಬರಿಗೈಯಲ್ಲಿ ಮರಳುತ್ತದೆ. ಪಠ್ಯಪುಸ್ತಕಗಳಲ್ಲಿ ಬಹುಕಾಲ ಇಷ್ಟೇ ಇತ್ತು. ಇಲ್ಲೊಂದು ತೊಡಕಿದೆ. ಹೊತ್ತು ಹೋಗಿ ಮರಳಿ ಬರುವ ವಸ್ತು ಖರ್ಚಾಗಬಾರದು. ಹಾಗಿದ್ದರೆ ನಯಾಸಿನ್ ನಿಂತ ಕೆಲವೇ ತಿಂಗಳಲ್ಲಿ ಕೂಲಿಕಾರನ ಮೈ ಯಾಕೆ ಬಿರಿಯಬೇಕು? ದೇಹದಲ್ಲಿ ಎನ್.ಎ.ಡಿ.ಯನ್ನು ಖರ್ಚು ಮಾಡುವವರು ಯಾರೋ ಇರಲೇಬೇಕು. 1963ರಲ್ಲಿ ಫ್ರಾನ್ಸಿನ ಪಿಯರ್ ಶಾಂಬೊನ್ ಅಂಥ ಒಂದು ಖರ್ಚಿನ ಮೊದಲ ಕುರುಹು ಕಂಡರು. ಎನ್.ಎ.ಡಿ.ಯನ್ನು ಒಡೆದು ಅದರ ತುಂಡುಗಳನ್ನು ಸರಪಳಿಯಾಗಿ ಪೋಣಿಸುವ ಕ್ರಿಯೆ ಅದು. ಡಿಎನ್‌ಎ ರಿಪೇರಿಗೆ ಅದು ಬೇಕು ಎಂಬುದು ಆಮೇಲೆ ತಿಳಿಯಿತು. ಇನ್ನೊಂದು ದೊಡ್ಡ ಖರ್ಚು ಹೊರಬೀಳಲು ಯೀಸ್ಟ್‌ಗೇ ಮರಳಬೇಕಾಯಿತು.

1970ರ ದಶಕದ ಕೊನೆಯಲ್ಲಿ ಅಮರ್ ಕ್ಲಾರ್ ಎಂಬ ಪಂಜಾಬಿನ ತರುಣ, ಲೂಧಿಯಾನದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದವರು, ಯೀಸ್ಟ್‌ನ ಕೂಡಿಕೆಯನ್ನು ಅಭ್ಯಸಿಸುತ್ತಿದ್ದರು. ಯೀಸ್ಟ್‌ನಲ್ಲಿ ಎರಡು ಲಿಂಗಗಳಿದ್ದ ಹಾಗೆ ಎರಡು ಬಗೆ. ಪ್ರತಿ ಕೋಶದಲ್ಲೂ ಎರಡೂ ಬಗೆಯ ಜೀನ್‌ಗಳ ನಕಲು ಬಾಯಿ ಮುಚ್ಚಿಕೊಂಡು ಕುಳಿತಿರುತ್ತದೆ. ಕ್ಲಾರ್, ಸೀಮೋರ್ ಫೋಗೆಲ್ ಮತ್ತು ಕ್ಯಾಥಿ ಮ್ಯಾಕ್ಲಿಯಾಡ್ 1979ರಲ್ಲಿ ಒಂದು ವಿಚಿತ್ರ ಯೀಸ್ಟ್ ವರದಿ ಮಾಡಿದರು. ಅದರಲ್ಲಿ ಒಂದು ಜೀನ್ ಕೆಟ್ಟಿತ್ತು, ಮುಚ್ಚಿರಬೇಕಾದ ನಕಲುಗಳು ತೆರೆದುಕೊಂಡಿದ್ದವು, ಕೋಶ ಬಂಜೆಯಾಗಿತ್ತು. ಬೇರೆ ಜೀನ್‌ಗಳನ್ನು ಸುಮ್ಮನಿರಿಸುವುದೇ ಆ ಜೀನಿನ ಕೆಲಸ. ಮುಂದೆ ಅದಕ್ಕೆ ಸರ್-2 ಎಂಬ ಹೆಸರು ಗಟ್ಟಿಯಾಯಿತು. ಮುಪ್ಪು ಎಂಬ ಮಾತು ಆಗ ಯಾರ ತಲೆಯಲ್ಲೂ ಇರಲಿಲ್ಲ.

ಮುಪ್ಪಿನ ಮಾತು ತಂದವರು 1991ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಲಿಯೊನಾರ್ಡ್ ಗರೆಂಟಿ ಅವರ ಬಳಿ ಸೇರಿದ ಬ್ರಯನ್ ಕೆನೆಡಿ ಮತ್ತು ನಿಕನೋರ್ ಆಸ್ಟ್ರಿಯಾಕೊ. ಯೀಸ್ಟ್‌ನ ಆಯುಸ್ಸು ಅಳೆಯುವುದು ಹೇಗೆ? ತಾಯಿಕೋಶದ ಮೈಯಲ್ಲಿ ಮೊಗ್ಗು ಮೂಡಿ ಮಗಳಾಗಿ ಬೇರೆಯಾಗುತ್ತದೆ. ಹೀಗೆ ಸುಮಾರು ಇಪ್ಪತ್ತು ಸಲ ಹೆತ್ತು ತಾಯಿ ನಿಲ್ಲುತ್ತದೆ. ಎಷ್ಟು ಮಕ್ಕಳಾದವು ಎಂದು ಎಣಿಸಿದರೆ ಅದೇ ಆಯುಸ್ಸು. ಎಣಿಸಬೇಕಾದರೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಪ್ರತಿ ಮಗಳನ್ನೂ ಪಕ್ಕಕ್ಕೆ ಸರಿಸಬೇಕು. ಒಂದೊಂದು ಹೆರಿಗೆಗೂ ಒಂದೂವರೆ ತಾಸು. ರಾತ್ರಿ ಮಲಗಬೇಕೆಂದರೆ ತಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟು ಬೆಳವಣಿಗೆ ತಡೆಯಬೇಕು, ಬೆಳಿಗ್ಗೆ ಮತ್ತೆ ಅದೇ ತಾಯಿಯ ಮುಂದೆ ಕೂರಬೇಕು. ಹಳ್ಳಿಯ ಸೂಲಗಿತ್ತಿಯ ತಾಳ್ಮೆ ಬೇಕಾದ ಕೆಲಸ. ಹಸಿವು ಮತ್ತು ಚಳಿಯನ್ನು ತಡೆದುಕೊಳ್ಳುವ ಯೀಸ್ಟ್‌ಗಳೇ ಹೆಚ್ಚು ಬಾಳುತ್ತವೆ ಎಂಬ ಎಳೆ ಹಿಡಿದು ಹೋದ ಅವರಿಗೆ 1995ರ ಹೊತ್ತಿಗೆ ಸರ್ ಗುಂಪಿನ ಜೀನ್‌ಗಳು ಸಿಕ್ಕವು. 1999ರಲ್ಲಿ ಅದೇ ಪ್ರಯೋಗಶಾಲೆಯ ಮ್ಯಾಟ್ ಕೇಬರ್ಲೀನ್, ಸರ್-2 ಜೀನಿನ ಒಂದು ಹೆಚ್ಚುವರಿ ಪ್ರತಿ ಇದ್ದರೆ ಯೀಸ್ಟ್‌ನ ಆಯುಸ್ಸು ಸುಮಾರು 30 ಶೇಕಡ ಹೆಚ್ಚುತ್ತದೆ, ಜೀನ್ ತೆಗೆದರೆ ಕುಗ್ಗುತ್ತದೆ ಎಂದು ತೋರಿಸಿದರು.

ಆದರೆ ಸರ್-2 ಮಾಡುವ ಕೆಲಸವೇನು? ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿದರೆ ಜೀನ್ ಸಡಿಲವಾಗಿ ಮಾತಾಡುತ್ತದೆ, ಕಿತ್ತರೆ ಬಿಗಿಯಾಗಿ ಸುಮ್ಮನಾಗುತ್ತದೆ. ಸರ್-2 ಅದನ್ನು ಕೀಳುವ ಕಿಣ್ವ ಇರಬೇಕೆಂಬ ಗುಮಾನಿ ಇತ್ತು, ಪ್ರನಾಳದಲ್ಲಿ ಅದು ಕೆಲಸ ಮಾಡಿ ತೋರಿಸುತ್ತಿರಲಿಲ್ಲ. 1999ರಲ್ಲಿ ರಾಯ್ ಫ್ರೈ ಎಂಬ ವೈದ್ಯ ಮನುಷ್ಯರಲ್ಲೂ ಇದರ ಬಂಧುಗಳಿವೆ, ಅವು ಎನ್.ಎ.ಡಿ.ಯನ್ನು ಬಳಸುವಂತಿವೆ ಎಂದು ಬರೆದರು. ಎನ್.ಎ.ಡಿ.ಯ ಒಂದು ತುಂಡನ್ನು ಪ್ರೋಟೀನಿಗೆ ಅಂಟಿಸುತ್ತವೆ ಎಂಬುದು ಆಗಿನ ಊಹೆ. ಗರೆಂಟಿ ಅವರ ಬಳಿಯಿದ್ದ ಜಪಾನಿನ ಶಿನ್-ಇಚಿರೊ ಇಮಾಯಿ ಹಿಸ್ಟೋನ್ ತುಂಡಿಗೆ ಸರ್-2 ಮತ್ತು ಎನ್.ಎ.ಡಿ. ಸೇರಿಸಿ ತೂಗಿದರು. ಏನಾದರೂ ಅಂಟಿದ್ದರೆ ತೂಕ ಹೆಚ್ಚಬೇಕು. ಬದಲಿಗೆ 42 ಡಾಲ್ಟನ್ ಕಡಿಮೆಯಾಗಿತ್ತು, ಒಂದು ಅಸಿಟೈಲ್ ಗುಂಪು ಹೋದಾಗ ಇಳಿಯುವ ತೂಕ ಸರಿಯಾಗಿ ಅಷ್ಟೇ. ಎನ್.ಎ.ಡಿ. ಹಾಕದಿದ್ದರೆ ಏನೂ ನಡೆಯುತ್ತಿರಲಿಲ್ಲ. 2000ನೇ ಇಸವಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅದೇ ವರ್ಷ ಇತರ ತಂಡಗಳೂ ಇದನ್ನೇ ಕಂಡವು.

ಅಸಿಟೈಲ್ ಕೀಳುವ ಬೇರೆ ಕಿಣ್ವಗಳಿಗೆ ಎನ್.ಎ.ಡಿ. ಬೇಡ. ಸರ್-2 ಮತ್ತು ಅದರ ಬಂಧುಗಳು, ಅಂದರೆ ಸರ್ಟುಯಿನ್‌ಗಳು, ಮಾತ್ರ ಒಂದು ಅಸಿಟೈಲ್ ಕೀಳಲು ಒಂದು ಇಡೀ ಎನ್.ಎ.ಡಿ.ಯನ್ನು ಒಡೆಯುತ್ತವೆ. ಒಡೆದಾಗ ಬೀಳುವ ಒಂದು ತುಂಡು ನಿಕೋಟಿನಮೈಡ್, ಪೆಲ್ಲಾಗ್ರಕ್ಕೆ ವೈದ್ಯರು ಕೊಡುವ ಮದ್ದು. ದೇಹದೊಳಗೆ ಖರ್ಚು ಹೀಗಿದ್ದಾಗ ಹೊರಗಿನಿಂದ ನಯಾಸಿನ್ ಬರುತ್ತಲೇ ಇರಬೇಕಾದ ಕಾರಣವೂ ಬಹುಮಟ್ಟಿಗೆ ತಿಳಿಯಿತು. ದೇಹ ಆ ನಿಕೋಟಿನಮೈಡನ್ನು ಹೆಕ್ಕಿ ಮತ್ತೆ ಎನ್.ಎ.ಡಿ. ಕಟ್ಟಿಕೊಳ್ಳುತ್ತದೆ ನಿಜ, ಸೋರಿಕೆಯೂ ಇದ್ದೇ ಇದೆ. ಇನ್ನೊಂದು ಸೂಕ್ಷ್ಮವಿದೆ. ನಿಕೋಟಿನಮೈಡ್ ಅತಿಯಾದರೆ ಅದೇ ಸರ್ಟುಯಿನ್‌ಗೆ ಕಡಿವಾಣ ಹಾಕುತ್ತದೆ. ಜೀವಸತ್ವ ಹೆಚ್ಚು ನುಂಗಿದಷ್ಟೂ ಒಳ್ಳೆಯದು ಎನ್ನುವವರು ಇದನ್ನು ಮರೆಯಬಾರದು.

ಮನುಷ್ಯರಲ್ಲಿ ಸರ್ಟುಯಿನ್‌ಗಳು 7. ಸರ್ಟ್-1, 6, 7 ಹೆಚ್ಚಾಗಿ ಕೋಶಕೇಂದ್ರದಲ್ಲಿ, ಸರ್ಟ್-2 ಅದರ ಹೊರಗೆ, 3, 4, 5 ಶಕ್ತಿ ತಯಾರಾಗುವ ಮೈಟೊಕಾಂಡ್ರಿಯದಲ್ಲಿ. ಉಂಡಾಗ ಒಂದು ನಡೆ, ಉಪವಾಸವಿದ್ದಾಗ ಇನ್ನೊಂದು ನಡೆ ಎಂದು ದೇಹ ದಿನವೂ ಹೊರಳುತ್ತದಲ್ಲ, ಆ ಹೊರಳಿಕೆಯಲ್ಲಿ ಇವುಗಳ ಕೈವಾಡ ದೊಡ್ಡದು. ಹಸಿದಾಗ ಯಕೃತ್ತು ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡಲು ಸರ್ಟ್-1 ನೆರವಾಗುತ್ತದೆ. ಉಂಡ ಮೇಲೆ ಅದು ನಿಲ್ಲಬೇಕು. ನಿಲ್ಲಿಸುವವರು ಯಾರು? ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಉಲ್ಲಾಸ್ ಕೊಲ್ತೂರ್-ಸೀತಾರಾಮ್ ಅವರ ತಂಡ 2020ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಊಟದ ಸಕ್ಕರೆಯಿಂದಲೇ ತಯಾರಾದ ಒಂದು ಗುರುತು ಸರ್ಟ್-1ರ ಮೇಲೆ ಅಂಟಿಕೊಂಡು ಅದನ್ನು ಕೋಶಕೇಂದ್ರದಿಂದ ಹೊರಗೆ ಕಳಿಸುತ್ತದೆ, ಅಲ್ಲಿ ಅದು ಕರಗಿಹೋಗುತ್ತದೆ. ಆ ಗುರುತು ಬೀಳದಂತೆ ಮಾಡಿದರೆ ಇಲಿಗಳ ರಕ್ತದಲ್ಲಿ ಸಕ್ಕರೆ ಏರುತ್ತದೆ. ಹಾಗಾಗಿ ಸರ್ಟುಯಿನ್ ಹೆಚ್ಚಿದಷ್ಟೂ ಆರೋಗ್ಯ ಎಂಬ ಸರಳ ಲೆಕ್ಕ ನಿಲ್ಲುವುದಿಲ್ಲ. ಹೊತ್ತಿಗೆ ಸರಿಯಾಗಿ ಏರಬೇಕು, ಹೊತ್ತಿಗೆ ಸರಿಯಾಗಿ ಇಳಿಯಬೇಕು.

ಮಾರುಕಟ್ಟೆಗೆ ಅಷ್ಟು ತಾಳ್ಮೆ ಇರಲಿಲ್ಲ. ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಸರ್ಟುಯಿನ್‌ಗಳನ್ನು ಚುರುಕುಗೊಳಿಸುತ್ತದೆ ಎಂದು 2003ರಲ್ಲಿ ಪ್ರಕಟವಾದದ್ದೇ ತಡ, ಕೆಂಪು ವೈನ್ ಆಯುಸ್ಸಿನ ಮದ್ದಾಯಿತು. ಅದರ ಬೆನ್ನಿಗೆ ಹುಟ್ಟಿದ ಸರ್ಟ್ರಿಸ್ ಕಂಪನಿಯನ್ನು 2008ರಲ್ಲಿ ಗ್ಲಾಕ್ಸೋ ಸ್ಮಿತ್‌ಕ್ಲೈನ್ 72 ಕೋಟಿ ಡಾಲರಿಗೆ ಕೊಂಡಿತು. ಆ ಚುರುಕುತನ ಪರೀಕ್ಷೆಗೆ ಬಳಸಿದ ಹೊಳೆಯುವ ಬಣ್ಣದ ಕಾರಣ ಕಂಡದ್ದು ಎಂದು ಹಲವರು ವಾದಿಸಿದರು. ಹುಳು ಮತ್ತು ನೊಣಗಳಲ್ಲಿ ಆಯುಸ್ಸು ಹೆಚ್ಚಿದ್ದಕ್ಕೆ ಸರ್-2 ಕಾರಣವಲ್ಲ ಎಂದು 2011ರಲ್ಲಿ ಡೇವಿಡ್ ಜೆಮ್ಸ್ ಮತ್ತಿತರರು ತೋರಿಸಿದರು. 2013ರಲ್ಲಿ ಸರ್ಟ್ರಿಸ್ ಬಾಗಿಲು ಹಾಕಿತು. ಕತೆ ಅಲ್ಲಿಗೆ ಮುಗಿಯಿತು ಎಂದುಕೊಂಡವರೂ ಇದ್ದರು. ಮುಗಿದದ್ದು ಅವಸರದ ವ್ಯಾಪಾರ. ಸರ್ಟುಯಿನ್ ರೋಗದಲ್ಲಿ ಏನು ಮಾಡುತ್ತದೆ ಎಂಬ ನಿಧಾನದ ಕೆಲಸ ಆಗ ಗಟ್ಟಿಯಾಗುತ್ತಿತ್ತು, ಅದರಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ.

ಆ ಕೆಲಸದ ನಡುವೆ ಇರುವುದು ಸರ್ಟ್-6. ಅದಿಲ್ಲದೆ ಹುಟ್ಟಿದ ಇಲಿಮರಿಗಳು ಮೂರು ವಾರ ಚೆನ್ನಾಗಿಯೇ ಕಾಣುತ್ತವೆ, ಆಮೇಲೆ ಬೆನ್ನು ಬಾಗಿ, ಕೊಬ್ಬು ಕರಗಿ, ರಕ್ತದ ಸಕ್ಕರೆ ಕುಸಿದು ತಿಂಗಳ ಹೊತ್ತಿಗೆ ಸಾಯುತ್ತವೆ ಎಂದು 2006ರಲ್ಲಿ ರಾವುಲ್ ಮೊಸ್ತೊಸ್ಲಾವ್‌ಸ್ಕಿ ಮತ್ತಿತರರು ತೋರಿಸಿದ್ದರು. 2012ರಲ್ಲಿ ಇಸ್ರೇಲಿನ ಹೈಮ್ ಕೊಹೆನ್ ತಂಡ ಸರ್ಟ್-6 ಹೆಚ್ಚಿಸಿದ ಗಂಡು ಇಲಿಗಳು ಸುಮಾರು 15 ಶೇಕಡ ಹೆಚ್ಚು ಬದುಕಿದ್ದನ್ನು ವರದಿ ಮಾಡಿತು. ಹೆಣ್ಣಿಲಿಗಳಲ್ಲಿ ಆ ಲಾಭ ಕಾಣಲಿಲ್ಲ. ಅದೇ 2012ರಲ್ಲಿ ಎನ್. ರವಿ ಸುಂದರೇಶನ್, ಶಿಕಾಗೊದಲ್ಲಿ ಮಹೇಶ್ ಗುಪ್ತ ಅವರ ಜೊತೆ ಮಾಡಿದ ಹೃದಯದ ಅಧ್ಯಯನ ‘ನೇಚರ್ ಮೆಡಿಸಿನ್’ನಲ್ಲಿ ಬಂತು.

ರಕ್ತದೊತ್ತಡ ಹೆಚ್ಚಿ ಹೃದಯದ ಮೇಲೆ ಭಾರ ಬಿದ್ದರೆ ಅದರ ಸ್ನಾಯುಕೋಶಗಳು ಹಿಗ್ಗುತ್ತವೆ. ಗೋಡೆ ದಪ್ಪವಾಗುತ್ತದೆ. ಸ್ವಲ್ಪ ಕಾಲ ಇದು ನೆರವು, ಆಮೇಲೆ ಅದೇ ಮುಳುವು. ನಾರು ಬೆಳೆದು ಹೃದಯ ಬಿರುಸಾಗುತ್ತದೆ, ಒತ್ತಲಾರದೆ ಸೋಲುತ್ತದೆ. ಸೋತ ಮನುಷ್ಯ ಹೃದಯಗಳಲ್ಲಿ ಸರ್ಟ್-6 ಕಡಿಮೆಯಾಗಿರುವುದನ್ನು ಆ ತಂಡ ಕಂಡಿತು. ಸರ್ಟ್-6 ಇಲ್ಲದ ಇಲಿಗಳ ಹೃದಯ ತಾನಾಗಿ ದಪ್ಪವಾಗಿ ಸೋತಿತು, ಹೆಚ್ಚಿಸಿದ ಇಲಿಗಳ ಹೃದಯ ಒತ್ತಡ ತಡೆದುಕೊಂಡಿತು. ಬೆಳೆಯಲು ಹೇಳುವ ಜೀನ್‌ಗಳ ಬಾಗಿಲಲ್ಲಿ ಸಿ-ಜೂನ್ ಎಂಬ ಪ್ರೋಟೀನ್ ಇರುತ್ತದೆ. ಸರ್ಟ್-6 ಅದಕ್ಕೆ ಜೋಡಿಯಾಗಿ, ಅಲ್ಲಿನ ಹಿಸ್ಟೋನ್‌ನ ಅಸಿಟೈಲ್ ಕಿತ್ತು, ಆ ಜೀನ್‌ಗಳನ್ನು ತೆಪ್ಪಗಿರಿಸುತ್ತದೆ. ಯೀಸ್ಟ್‌ನಲ್ಲಿ ಕ್ಲಾರ್ ಕಂಡದ್ದೂ ಸುಮ್ಮನಿರಿಸುವ ಈ ಕೆಲಸವನ್ನೇ.

ಸುಂದರೇಶನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ಮತ್ತು ಕೋಶಜೀವ ವಿಜ್ಞಾನ ವಿಭಾಗದಲ್ಲಿ ತಮ್ಮ ಪ್ರಯೋಗಶಾಲೆ ಕಟ್ಟಿದ ಮೇಲೆ ಒಂದಾದ ಮೇಲೊಂದು ಎಳೆ ಬಿಡಿಸಿದರು. 2018ರಲ್ಲಿ ಸರ್ಟ್-2 ಇಲ್ಲದ ಇಲಿಗಳಲ್ಲೂ ಹೃದಯ ದಪ್ಪವಾಗುವುದನ್ನು ತಂಡ ತೋರಿಸಿತು. 2019ರಲ್ಲಿ ಸರ್ಟ್-6 ಕೋಶದ ಒಟ್ಟು ಪ್ರೋಟೀನ್ ತಯಾರಿಕೆಗೇ ಮಿತಿ ಹಾಕುತ್ತದೆ, ಅದೂ ಅಸಿಟೈಲ್ ಕೀಳುವ ಕೆಲಸವಿಲ್ಲದೆ, ಎಂಬ ಅಚ್ಚರಿಯ ಸಂಗತಿ ಬಂತು. 2020ರಲ್ಲಿ ಸರ್ಟ್-6 ಕೊರತೆಯಿಂದ ಅಂಗಾಂಗಗಳಲ್ಲಿ ನಾರು ಬೆಳೆಯುವ ಬಗೆ ಹೊರಬಿತ್ತು. ಇವೆಲ್ಲ ಇಲಿಗಳಲ್ಲಿ, ಕೋಶಗಳಲ್ಲಿ ನಡೆದ ಕೆಲಸ. ಹೃದಯ ಸೋಲುತ್ತಿರುವ ಮನುಷ್ಯನಿಗೆ ಸರ್ಟ್-6 ಹೆಚ್ಚಿಸುವ ಮಾತ್ರೆ ಇನ್ನೂ ವೈದ್ಯರ ಕೈಯಲ್ಲಿಲ್ಲ.

ಎನ್.ಎ.ಡಿ. ವಯಸ್ಸಾದಂತೆ ಕಡಿಮೆಯಾಗುತ್ತದೆ ಎಂದು ಇಲಿಗಳ ಹಲವು ಅಂಗಗಳಲ್ಲಿ ಕಂಡ ಮೇಲೆ, ಅದನ್ನು ತುಂಬುವ ಪುಡಿ, ಮಾತ್ರೆಗಳು ದುಬಾರಿ ಬೆಲೆಗೆ ಮಾರಾಟಕ್ಕೆ ಬಂದಿವೆ. ಆರೋಗ್ಯವಂತರ ಆಯುಸ್ಸನ್ನು ಅವು ಹೆಚ್ಚಿಸುತ್ತವೆ ಎನ್ನಲು ಆಧಾರವಿಲ್ಲ. ನಿಜವಾದ ಕೊರತೆ ಇರುವಲ್ಲಿ ಮಾತ್ರ ಹಳೆಯ ಮದ್ದು ಮತ್ತೆ ಬೆಲೆ ತೋರಿಸಿದೆ. 2020ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಮೈಟೊಕಾಂಡ್ರಿಯ ಕೆಟ್ಟು ಸ್ನಾಯು ಸೋತ ಕೆಲವೇ ರೋಗಿಗಳಿಗೆ ನಯಾಸಿನ್ ಕೊಟ್ಟರು. ಅವರ ರಕ್ತದಲ್ಲಿ ಎನ್.ಎ.ಡಿ. ಏರಿತು, ಸ್ನಾಯುಗಳ ಬಲವೂ ಹೆಚ್ಚಿತು. ಎಲ್ವೆಜೆಮ್ ಕಂಡದ್ದೂ ಇದೇ ವಸ್ತು.

ಜೋಳದ ಸೀಮೆಯ ತಟ್ಟೆ ಈಗ ಬಹಳ ಬದಲಾಗಿದೆ. ರೇಷನ್ ಅಕ್ಕಿ ಮನೆ ಸೇರಿದೆ. ಹರಪನಹಳ್ಳಿ, ಹಡಗಲಿಯ ಹೊಲಗಳಲ್ಲಿ ಮೆಕ್ಕೆಜೋಳ ಹಬ್ಬಿದೆ, ಅದು ಹೋಗುವುದು ಬಹುಪಾಲು ಕೋಳಿ ಮೇವಿಗೆ. ಜೋಳವೊಂದನ್ನೇ ಉಂಡು ಪೆಲ್ಲಾಗ್ರ ತಂದುಕೊಳ್ಳುವವರು ದಖನ್ನಿನಲ್ಲಿ ಈಗ ಅಪರೂಪ. ರೋಗ ಬರುವ ದಾರಿ ಬೇರೆಯಾಗಿದೆ. ಕುಡಿತಕ್ಕೆ ಬಿದ್ದು ಊಟ ಬಿಟ್ಟವರಲ್ಲಿ ಅದು ಕಾಣುತ್ತದೆ, ಯಾಕೆಂದರೆ ಹೊಟ್ಟೆಗೆ ನಯಾಸಿನ್ ಹೋಗುವುದು ನಿಲ್ಲುತ್ತದೆ, ಹೆಂಡವನ್ನು ಕರಗಿಸುವ ಕೆಲಸಕ್ಕೆ ಯಕೃತ್ತಿನ ಎನ್.ಎ.ಡಿ. ಸಿಕ್ಕಿಬೀಳುತ್ತದೆ. ಕ್ಷಯಕ್ಕೆ ಐಸೋನಿಯಾಜಿಡ್ ಮಾತ್ರೆ ತೆಗೆದುಕೊಳ್ಳುವ, ಮೊದಲೇ ಬಡಕಲಾದ ರೋಗಿಗಳಲ್ಲೂ ಕಾಣಬಹುದು, ಆ ಮಾತ್ರೆ ಬಿ-6ಕ್ಕೆ ಅಡ್ಡಬರುತ್ತದೆ. ಬಿಸಿಲು ತಾಗುವ ಎರಡೂ ಮುಂಗೈ ಒಂದೇ ಸಮ ಕಪ್ಪಾಗಿ ಬಿರಿದಿದ್ದರೆ, ಜೊತೆಗೆ ಭೇದಿಯೋ ಮಂಕೋ ಇದ್ದರೆ, ಬಿಸಿಲಿಗೆ ಮೈ ಸುಟ್ಟಿದೆ ಎಂದು ಮುಲಾಮು ಹಚ್ಚಿ ಸುಮ್ಮನಾಗದೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಕುಡಿತ ಮತ್ತು ಮಾತ್ರೆಗಳ ವಿಷಯವನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ನಿಕೋಟಿನಮೈಡ್ ಅಗ್ಗದ ಮದ್ದು. ಕೊಡಲು ಶುರುಮಾಡಿದ ಕೆಲವೇ ದಿನಗಳಲ್ಲಿ ನಾಲಗೆಯ ಉರಿ ಇಳಿಯುತ್ತದೆ, ಬುದ್ಧಿ ತಿಳಿಯಾಗುತ್ತದೆ. ಚರ್ಮಕ್ಕೆ ಇನ್ನೂ ಕೆಲವು ವಾರ ಬೇಕು.